ಕ್ಯಾಂಪ್ಕೋ ಚಾಕಲೇಟ್ ತಿಂದು ನೋಡಿ, ಆಮೇಲೆ ಬಂಡವಾಳಶಾಹಿ-ಕಮ್ಯುನಿಸಂ ಜಗಳ ಮಾಡೋಣ

ಮೊದಲು ರುಚಿ. ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರಿ ಸಂಘವಾದ ಕ್ಯಾಂಪ್ಕೋ ಮಾಡುವ ಬಾರ್ ಹಾಲಿನ ಚಾಕಲೇಟು, ಮಕ್ಕಳಿಗೆ ಹೇಳಿ ಮಾಡಿಸಿದ್ದು. ನಾಲಿಗೆ ಮೇಲಿಟ್ಟು ಸುಮ್ನೆ ಕೂತರೂ ಕರಗುತ್ತದೆ, ಹಲ್ಲಿಗೆ ಅಂಟುವುದಿಲ್ಲ. ವಿನ್ನರ್ ಅಂತ ಹಾಲಿಗೆ ಹಾಕುವ ಪುಡಿಯೂ ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಸಂಜೆ ಹೊತ್ತು ಬಿಸಿ ಹಾಲಿಗೆ ಹಾಕಿ ಕಲಸಿ ಕುಡಿದರೆ ಬಹಳ ಹಿತ. ನಮ್ಮ ಮನೆಯಲ್ಲಿ ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ಕುಡಿಯುತ್ತಾರೆ.

ಚಾಕಲೇಟು ಕೊಳ್ಳುವವರು ಯಾವ ಕಂಪನಿಯದ್ದೇ ಆಗಲಿ ಹಿಂಬದಿಯ ಸಣ್ಣ ಅಕ್ಷರ ಓದಿ. ಕೊಕ್ಕೋ ಬೆಣ್ಣೆ ಇದೆಯಾ, ಅದರ ಬದಲು ಬೇರೆ ಎಣ್ಣೆಯ ಕೊಬ್ಬು ಹಾಕಿದ್ದಾರಾ ನೋಡಿ. ಕೊಕ್ಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅಂದರೆ ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕಡಿಮೆ. ಬಾಯಲ್ಲಿ ಕರಗುವ ಸುಖ ಬರುವುದು ಅದರಿಂದಲೇ.

ಆದರೆ ನಾನು ಬರೆಯಲು ಕೂತದ್ದು ರುಚಿಗಾಗಿ ಮಾತ್ರ ಅಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ನಾಲ್ಕು ಜನ ಸೇರಿದರೆ, ಪೂಜೆ ಇರಲಿ ಮದುವೆ ಇರಲಿ, ಊಟ ಮುಗಿದು ಎಲೆ ಅಡಿಕೆ ತಟ್ಟೆ ಮುಂದೆ ಬಂದ ಕೂಡಲೇ ಒಂದು ಚರ್ಚೆ ಶುರುವಾಗುತ್ತದೆ. ಬಂಡವಾಳಶಾಹಿ ಒಳ್ಳೆಯದಾ, ಕಮ್ಯುನಿಸಂ ಒಳ್ಳೆಯದಾ? ಗಲ್ಫಿನಲ್ಲಿ ಇದ್ದು ಬಂದ ನನ್ನ ಭಾವ ಒಂದು ಕಡೆ, ನೆರೆಮನೆಯ ನಿವೃತ್ತ ಮಾಷ್ಟ್ರು ಇನ್ನೊಂದು ಕಡೆ.

"ಲಾಭ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಅಂಗಡಿ ಬಾಗಿಲು ತೆಗೆಯುವವರು ಯಾರು ಮಾಷ್ಟ್ರೇ?" ಅಂತ ಭಾವ ಕೇಳುತ್ತಾರೆ. "ನಿಮ್ಮ ಅಜ್ಜ ಗೇಣಿ ಹೊತ್ತುಕೊಂಡು ಧನಿಯ ಅಂಗಳದಲ್ಲಿ ನಿಂತದ್ದು ಮರೆತುಹೋಯಿತಾ?" ಅಂತ ಮಾಷ್ಟ್ರು. ಇಬ್ಬರದೂ ಸುಳ್ಳಲ್ಲ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಮುಗಿಯಿತು, ಗೇಣಿಗೆ ಮಾಡುತ್ತಿದ್ದವರಿಗೆ ಭೂಮಿ ಬಂತು. ಆ ಕಾನೂನು ಬಾರದಿದ್ದರೆ ಈಗ ನನ್ನ ಹೆಸರಿನಲ್ಲಿರುವ ತೋಟ ನನ್ನದಾಗುತ್ತಿರಲಿಲ್ಲ. ನಾನು ಯಾವ ಪಕ್ಷದವನೂ ಅಲ್ಲ, ಆದರೂ ಈ ಮಾತನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಭೂಮಿ ಬಂದ ಮಾತ್ರಕ್ಕೆ ಆಯಿತಾ? ಬೆಳೆದದ್ದನ್ನು ಕೊಳ್ಳುವವರು ಯಾರು, ಧಾರಣೆ ಹೇಳುವವರು ಯಾರು ಅನ್ನುವುದು ಹಾಗೇ ಉಳಿಯಿತು. 1970ರ ದಶಕದ ಶುರುವಿನಲ್ಲಿ ಅಡಿಕೆ ಧಾರಣೆ ಕುಸಿದುಬಿತ್ತು. ವ್ಯಾಪಾರಿ ಹೇಳಿದ್ದೇ ರೇಟು. ಮನೆಯಲ್ಲಿ ಒಳ್ಳೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಅಂತ ಗೋಣಿಗೆ ತುಂಬಿಸಿದ್ದು ಅಂಗಡಿ ಮುಟ್ಟುವಾಗ ಅದಕ್ಕಿಂತ ಕೆಳದರ್ಜೆಯ ಪಟೋರ ಆಗುವುದು, ಪಟೋರ ಇನ್ನೂ ಕೆಳಗಿನ ಕರಿಗೋಟು ಆಗುವುದು, ಗೋಣಿಯನ್ನು ಪುನಃ ಹೊತ್ತು ತರಲು ಆಗದೆ ಕೊಟ್ಟಷ್ಟು ತೆಗೆದುಕೊಂಡು ಬರುವುದು, ಇದನ್ನೆಲ್ಲ ನಮ್ಮ ಹಿರಿಯರ ಬಾಯಲ್ಲಿ ಕೇಳಿಯೇ ನಾವು ಬೆಳೆದದ್ದು. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತರು. ಕರ್ನಾಟಕ, ಕೇರಳ ಎರಡೂ ಸರಕಾರಗಳ ಬೆಂಬಲ ಸಿಕ್ಕಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಗಡಿಯ ಆಚೆ ಈಚೆ ಬೆಳೆಗಾರರೆಲ್ಲ ಒಂದೇ ಸಂಘದ ಸದಸ್ಯರು. 1956ರಲ್ಲಿ ಕೇರಳಕ್ಕೆ ಸೇರಿಹೋದ ನಮ್ಮಂಥ ಕನ್ನಡದವರಿಗೆ ಇದು ಸಣ್ಣ ಸಂಗತಿ ಅಲ್ಲ.

ಕೊಕ್ಕೋ ಕಥೆ ಕೇಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅದೇ ದಶಕದಲ್ಲಿ, ಅಡಿಕೆ ಮರದ ನೆರಳಿನಲ್ಲಿ ಕೊಕ್ಕೋ ಹಾಕಿ, ನಾವು ಕೊಳ್ಳುತ್ತೇವೆ ಅಂತ ಚಾಕಲೇಟು ಕಂಪನಿಯ ಕಡೆಯಿಂದ ಪ್ರೋತ್ಸಾಹ ಬಂತು. ಜನ ನಂಬಿ ನೆಟ್ಟರು. ಗಿಡ ಕಾಯಿ ಬಿಡುವ ಹೊತ್ತಿಗೆ, 1980ರ ಆಸುಪಾಸಿನಲ್ಲಿ, ಲೋಕದ ಮಾರುಕಟ್ಟೆಯಲ್ಲಿ ಧಾರಣೆ ಬಿತ್ತು, ಖರೀದಿ ನಿಂತುಹೋಯಿತು. ಕೊಕ್ಕೋ ಅಡಿಕೆಯ ಹಾಗಲ್ಲ. ಅಡಿಕೆಯನ್ನು ಒಣಗಿಸಿ ಅಟ್ಟಕ್ಕೆ ಹಾಕಿ ಒಳ್ಳೆ ಧಾರಣೆ ಬರುವವರೆಗೆ ಕಾಯಬಹುದು. ಕೊಕ್ಕೋ ಕಾಯಿ ಒಡೆದ ಮೇಲೆ ಬೀಜವನ್ನು ಹಸಿಯಾಗಿಯೇ ಕೊಡಬೇಕು, ಇಲ್ಲವೇ ಐದಾರು ದಿನ ಹುಳಿ ಬರಿಸಿ ಬಿಸಿಲಿಗೆ ಹಾಕಬೇಕು. ನಮ್ಮ ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ಬೂಸ್ಟು ಹಿಡಿದರೆ ಎಲ್ಲ ಹೋಯಿತು. ಕೊಳ್ಳುವವನು ಒಬ್ಬನೇ ಇದ್ದು ಅವನೂ ಬೇಡ ಅಂದರೆ ಬೆಳೆಗಾರ ಎಲ್ಲಿಗೆ ಹೋಗಬೇಕು? ಎಷ್ಟೋ ಜನ ಗಿಡ ಕಡಿದು ಹಾಕಿದರು.

ಭಾವ ಮಾರುಕಟ್ಟೆಯನ್ನು ಹೊಗಳುವಾಗಲೆಲ್ಲ ನಾನು ಇದನ್ನು ಎತ್ತುತ್ತೇನೆ. ಕಂಪನಿ ಅಂದರೆ ಕೆಟ್ಟದ್ದು ಅಂತ ನನ್ನ ವಾದ ಅಲ್ಲ. ನಷ್ಟಕ್ಕೆ ಕೊಳ್ಳಿ ಅಂತ ಯಾವ ಕಂಪನಿಗೂ ಹೇಳಲಾಗದು. ಆದರೆ ಅವರ ಲೆಕ್ಕದ ಪುಸ್ತಕದಲ್ಲಿ ನಮ್ಮ ತೋಟಕ್ಕೆ ಜಾಗ ಇರಲಿಲ್ಲ, ಅದು ಸತ್ಯ ಅಲ್ವಾ?

ಆಗ ಕ್ಯಾಂಪ್ಕೋ ಕೊಕ್ಕೋ ಕೊಳ್ಳಲು ಇಳಿಯಿತು. ಕೊಂಡದ್ದನ್ನು ಏನು ಮಾಡುವುದು? ಕಾರ್ಖಾನೆಯನ್ನೇ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿ ಶುರುವಾದ ಆ ಚಾಕಲೇಟು ಕಾರ್ಖಾನೆ ಈಗಲೂ ನಡೆಯುತ್ತಿದೆ. ಬಾರು ಮಾತ್ರ ಅಲ್ಲ, ಕೊಕ್ಕೋ ಬೆಣ್ಣೆ, ಕೊಕ್ಕೋ ಪುಡಿ ಮಾಡಿ ಬೇರೆ ಕಂಪನಿಗಳಿಗೂ ಮಾರುತ್ತಾರೆ. ನಾನು ಬಾರಿನ ಕಾಗದ ಬಿಚ್ಚುವಾಗ ನನಗೆ ಕಾಣುವುದು ಇದೇ. ಬೆಳೆದವರಿಗೆ ಬೇರೆ ಒಂದು ಬಾಗಿಲು ಇದೆ, ಆ ಬಾಗಿಲು ಅವರದ್ದೇ. ಬೇರೆಯವರು ಕೊಳ್ಳುವುದನ್ನು ನಿಲ್ಲಿಸಿದರೂ ಹೆದರಬೇಕಾಗಿಲ್ಲ.

"ಹಾಗಾದರೆ ಸರಕಾರವೇ ಎಲ್ಲ ಕೊಂಡು ರೇಟು ಕಟ್ಟಿಬಿಡಲಿ" ಅಂತ ಮಾಷ್ಟ್ರು ಹೇಳುತ್ತಾರೆ. ಅದಕ್ಕೂ ಕೊಕ್ಕೋದಲ್ಲೇ ಉತ್ತರ ಇದೆ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೊಕ್ಕೋ ಬರುವುದು ಐವರಿ ಕೋಸ್ಟ್ ಮತ್ತು ಘಾನಾದಿಂದ. ಘಾನಾದಲ್ಲಿ ರೈತನಿಗೆ ಸಿಗುವ ಧಾರಣೆ ನಿಗದಿಯಾಗುವುದು ಸರಕಾರದ ಮಂಡಳಿಯ ಮೂಲಕ. ಧಾರಣೆ ಬಿದ್ದ ವರ್ಷ ಇದು ದೊಡ್ಡ ಆಸರೆ, ಒಪ್ಪುತ್ತೇನೆ. ಆದರೆ 2024ರಲ್ಲಿ ಏನಾಯಿತು ನೋಡಿ. ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಲೋಕದ ಧಾರಣೆ ಟನ್ನಿಗೆ 10,000 ಡಾಲರ್ ದಾಟಿತು, ವರ್ಷದ ಕೊನೆಗೆ 12,000 ಕೂಡ ದಾಟಿತು. ಘಾನಾದ ಮಂಡಳಿ ಹಿಂದಿನ ಕಡಿಮೆ ರೇಟಿಗೆ ಬೆಳೆಯನ್ನು ಮೊದಲೇ ಮಾರಿಯಾಗಿತ್ತು. ಹಾಗಾಗಿ ಏರಿದ ಧಾರಣೆಯ ಸಣ್ಣ ಪಾಲು ಮಾತ್ರ ಅಲ್ಲಿನ ರೈತನ ಕೈಗೆ ಬಂತು. ಕೊಕ್ಕೋ ಮೂಟೆಗಳು ಗಡಿ ದಾಟಿ ಕಳ್ಳಸಾಗಣೆ ಆದವು. ಅದೇ ಹೊತ್ತಿಗೆ ನಮ್ಮ ಕೇರಳದಲ್ಲಿ ಒಣ ಬೀಜ ಕಿಲೋಗೆ 1,000 ರೂಪಾಯಿ ಮುಟ್ಟಿತು. ಮಾರುಕಟ್ಟೆ ಕೊಟ್ಟದ್ದು ಅದು, ಆ ಮಟ್ಟಿಗೆ ಭಾವನ ಮಾತಿಗೆ ಬೆಲೆ ಇದೆ.

ಘಾನಾ ಕಮ್ಯುನಿಸ್ಟ್ ದೇಶ ಅಲ್ಲ ಅಂತ ಮಾಷ್ಟ್ರು ತಕ್ಷಣ ಹೇಳಿದರು. ಸರಿ. ಕಮ್ಯುನಿಸ್ಟರದ್ದೇ ಆಡಳಿತ ಇದ್ದ ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ ಕಾಲಕ್ಕೆ ರೈತರ ಹೊಲಗಳನ್ನು ಬಲವಂತವಾಗಿ ಒಟ್ಟು ಸೇರಿಸಿದರು, ಇಷ್ಟು ಧಾನ್ಯ ಕೊಡಲೇಬೇಕು ಅಂತ ಮೇಲಿನಿಂದ ಲೆಕ್ಕ ಬರೆದು ಎಳೆದುಕೊಂಡು ಹೋದರು, 1932-33ರ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅಲ್ಲೂ ಹೆಸರಿಗೆ ಎಲ್ಲರೂ ಸೇರಿ ಮಾಡುವ ಕೃಷಿಯೇ. ಆದರೆ ಬೇಡ ಅನ್ನುವ ಹಕ್ಕು ರೈತನಿಗೆ ಇರಲಿಲ್ಲ. ನಾನು ಇವತ್ತು ಕ್ಯಾಂಪ್ಕೋ ಶಾಖೆಗೆ ಹೋಗದೆ ಪೇಟೆಯ ವ್ಯಾಪಾರಿಗೆ ಅಡಿಕೆ ಕೊಟ್ಟರೆ ಯಾರೂ ನನ್ನನ್ನು ಕೇಳುವುದಿಲ್ಲ. ನನ್ನ ಪ್ರಕಾರ ಇದು ತುಂಬಾ ದೊಡ್ಡ ವ್ಯತ್ಯಾಸ.

ಮತ್ತೆ ಆ ವ್ಯಾಪಾರಿಯೂ ಬೇಕು. ಮಗಳ ಮದುವೆಗೆ ಮುಂಗಡ ಕೊಡುವವರು ಅವರು, ಅಂಗಳಕ್ಕೇ ಬಂದು ತೂಗಿ ಒಯ್ಯುವವರು ಅವರು. ಅವರು ಇರುವುದರಿಂದ ಸಂಘ ಚುರುಕಾಗಿರುತ್ತದೆ, ಸಂಘ ಇರುವುದರಿಂದ ಅವರು ಧಾರಣೆಯನ್ನು ತೀರಾ ಕೆಳಗೆ ಇಳಿಸುವುದಿಲ್ಲ. ಆದರೆ ಕಿಲೋಗೆ ಐದು ರೂಪಾಯಿ ಜಾಸ್ತಿ ಸಿಕ್ಕಿದ ದಿನ ಅತ್ತ ಓಡಿ, ಧಾರಣೆ ಬಿದ್ದ ದಿನ ಮಾತ್ರ ಕ್ಯಾಂಪ್ಕೋ ಏನು ಮಾಡುತ್ತಿದೆ ಅಂತ ಬೊಬ್ಬೆ ಹಾಕುವ ಸದಸ್ಯರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಎಲ್ಲ ಸಹಕಾರಿ ಸಂಘಗಳೂ ಚಿನ್ನ ಅಂತಲೂ ಅಲ್ಲ. ಇಲ್ಲಿನ ಒಂದು ಸಣ್ಣ ಸಂಘಕ್ಕೆ ಸಾಲಕ್ಕೆ ಅಂತ ಹೋದಾಗ ಪಹಣಿಗಿಂತ ಮೊದಲು ನಾನು ಯಾವ ಪಕ್ಷ ಅಂತ ವಿಚಾರಿಸಿದ್ದರು. ಸದಸ್ಯರು ಸಭೆಗೆ ಹೋಗದೆ ಮನೆಯಲ್ಲಿ ಕೂತರೆ ಸಂಘ ಹೀಗೆ ನಾಲ್ಕು ಜನರ ಕೈಗೆ ಹೋಗುತ್ತದೆ.

ಮಾಷ್ಟ್ರ ಒಂದು ಪ್ರಶ್ನೆಗೆ ಮಾತ್ರ ಭಾವನ ಹತ್ತಿರವೂ ಉತ್ತರ ಇಲ್ಲ, ನನ್ನ ಹತ್ತಿರವೂ ಇಲ್ಲ. "ಸಂಘ ತೋಟದವರದ್ದು, ಒಪ್ಪಿದೆ. ಅಡಿಕೆ ಸುಲಿಯುವ ಹೆಂಗಸರು, ದೋಟಿಯಲ್ಲಿ ಗೊನೆ ಇಳಿಸುವವರು, ಮರಕ್ಕೆ ಮದ್ದು ಬಿಡುವವರು, ಅವರ ಪಾಲು ಎಲ್ಲಿದೆ?" ಅವರು ಕೊಡುವ ಉದಾಹರಣೆ ಇಂಡಿಯನ್ ಕಾಫಿ ಹೌಸ್. ಕಾಫಿ ಬೋರ್ಡು 1950ರ ದಶಕದಲ್ಲಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ, 1957ರಲ್ಲಿ ನಮ್ಮ ಕಾಸರಗೋಡಿನಿಂದಲೇ ಲೋಕಸಭೆಗೆ ಗೆದ್ದಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರು ಕೆಲಸ ಹೋದವರನ್ನು ಸೇರಿಸಿ ಸಹಕಾರಿ ಸಂಘ ಕಟ್ಟಿಸಿದರು. ಕೇರಳದಲ್ಲಿ ಅದು 1958ರಿಂದ ನಡೆಯುತ್ತಿದೆ. ತಲೆಗೆ ಬಿಳಿ ಪೇಟ ಕಟ್ಟಿ ನಮ್ಮ ಮೇಜಿಗೆ ಬೀಟ್‌ರೂಟ್ ಹಾಕಿದ ಮಸಾಲೆದೋಸೆ ತಂದಿಡುವವರೇ ಅಲ್ಲಿ ಪಾಲುದಾರರು. ಅಲ್ಲಿ ಆಗಬಹುದಾದದ್ದು ತೋಟದಲ್ಲಿ ಹೇಗೆ ಆಗಬೇಕು? ಸುಲಿಯುವವರನ್ನು ಸದಸ್ಯರಾಗಿ ಸೇರಿಸಿ ಲಾಭದಲ್ಲಿ ಒಂದು ಪಾಲು ಇಡಬಹುದಾ? ಮುಂದಿನ ಸಭೆಯಲ್ಲಿ ನಾನು ಎದ್ದು ಕೇಳುವವನಿದ್ದೇನೆ. ಬೇರೆ ಬೆಳೆಗಾರರೂ ಕೇಳಿ.

ಇನ್ನು ಕೊಳ್ಳುವ ವಿಷಯ. ದೊಡ್ಡ ಕಂಪನಿಗಳು ಅಂಗಡಿಯವರಿಗೆ ಫ್ರಿಜ್ ಕೊಡುತ್ತವೆ, ಅದರಲ್ಲಿ ಅವರದ್ದೇ ಮಾಲು ಕಣ್ಣಿಗೆ ಹೊಡೆಯುವ ಹಾಗೆ ಕೂರುತ್ತದೆ. ಟೀವಿ ಜಾಹೀರಾತಿಗೆ ಅವರು ಹಾಕುವ ದುಡ್ಡನ್ನು ರೈತರ ಸಂಘ ಹಾಕಲು ಸಾಧ್ಯವಿಲ್ಲ. ಅದಕ್ಕೆ ಕ್ಯಾಂಪ್ಕೋ ಬಾರ್ ಎದುರಿಗೆ ಕಾಣದಿದ್ದರೆ ಬಾಯಿಬಿಟ್ಟು ಕೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವರು ತರಿಸುತ್ತಾರೆ, ನಮ್ಮ ಪೇಟೆಯಲ್ಲಿ ಹಾಗೇ ಆಯಿತು. ಏಪ್ರಿಲ್, ಮೇ ತಿಂಗಳಲ್ಲಿ ಫ್ರಿಜ್ ಇರುವಲ್ಲಿಂದಲೇ ತನ್ನಿ. ದೂರದ ನೆಂಟರಿಗೆ ಕೊಂಡು ಹೋಗುವುದಾದರೆ ವಿನ್ನರ್ ಡಬ್ಬ ಒಳ್ಳೆಯದು, ಬಸ್ಸಿನ ಸೆಕೆಗೆ ಕರಗುವ ಚಿಂತೆ ಇಲ್ಲ.