ಹಳೇ ಕಾಮಿಕ್ಸ್‌ಗೆ ಮೈಲಾರ್ ಕವರೇ ಸೈ

1960–70ರ ದಶಕದ ಸ್ಪೈಡರ್‌ಮ್ಯಾನ್, ಹಲ್ಕ್ ಸಂಚಿಕೆಗಳಿಗೆ 2 ಮಿಲ್ (ಇಂಚಿನ ಸಾವಿರದ ಎರಡು ಭಾಗ) ದಪ್ಪದ ಮೈಲಾರ್, ಅಂದರೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಕವರೇ ಸರಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಕವರ್ ಅಗ್ಗ ನಿಜ, ಆದರೆ ಅದರ ಬಾಯಿಗೆ ಹಚ್ಚುವ ಟೇಪಿನ ಕಾಟ ಒಂದೆರಡಲ್ಲ.

ಟೇಪು ಬಿಡಿಸಿದಾಗ ಅದು ಮಡಿಕೆಯ ತುದಿಯಲ್ಲೇ ಜೋತಾಡುತ್ತಿರುತ್ತದೆ. ಪುಸ್ತಕ ಬಾಗದಂತೆ ಕವರಿನೊಳಗೆ ಅದರ ಹಿಂದೆ ಇಡುವ ರಟ್ಟನ್ನು ಒಳಗೇ ಬಿಟ್ಟು ಪುಸ್ತಕವನ್ನಷ್ಟೇ ಎಳೆದಿರೋ, ಅಂಟು ಹಿಂಬದಿಯ ಹೊದಿಕೆಗೆ ಕಚ್ಚಿಕೊಂಡು ಬಣ್ಣದ ಪದರವನ್ನೇ ಕಿತ್ತುಕೊಂಡು ಬರುತ್ತದೆ. 10ಕ್ಕೆ 8.0 ಸಿಗಬೇಕಿದ್ದ ಪ್ರತಿ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಅಂಥ ಗಾಯಕ್ಕೆ ಬಣ್ಣ ಹಚ್ಚಿದರೆ ಇನ್ನೂ ಕೇಡು, ರಿಪೇರಿಯಾದ ಪ್ರತಿ ಎಂದೇ ಲೆಕ್ಕ. ಸೆಖೆಯಲ್ಲಿ ಅಂಟು ಜಿನುಗಿ ಟೇಪಿನ ಅಂಚಿಗೂ ಬರುತ್ತದೆ. ಈ ಕವರನ್ನೇ ಬಳಸುವುದಾದರೆ ಟೇಪನ್ನು ಪೂರ್ತಿ ಕಿತ್ತು ಬಿಸಾಕಿ, ಆಮೇಲೆ ರಟ್ಟು, ಪುಸ್ತಕ ಎರಡನ್ನೂ ಒಟ್ಟಿಗೇ ಎಳೆಯಿರಿ. ಏಳು ವರ್ಷದೊಳಗೆ ಕವರ್ ಬದಲಿಸುವುದನ್ನೂ ಮರೆಯಬೇಡಿ.

ಮೈಲಾರ್‌ಗೆ ಟೇಪೇ ಬೇಡ, ಮಡಿಕೆಯನ್ನು ರಟ್ಟಿನ ಹಿಂದೆ ಸಿಕ್ಕಿಸಿದರಾಯಿತು. ಬೆನ್ನಿನ ಸಣ್ಣ ಗೀರುಗಳೂ ಪುಸ್ತಕ ಹೊರತೆಗೆಯದೆ ಟಾರ್ಚಿನ ಓರೆ ಬೆಳಕಿಗೆ ಕಾಣುತ್ತವೆ. ಅದರದ್ದೂ ಒಂದು ತಂಟೆ ಇದೆ: ಕವರಿನ ಬಾಯಂಚು ಗಡುಸು. 60ರ ದಶಕದ ಆರಂಭದ ಮಾರ್ವೆಲ್ ಸಂಚಿಕೆಗಳ ಬಲ ಅಂಚು ಸರಿಯಾಗಿ ಕತ್ತರಿಸದೆ ಚೂರು ಚೂರಾಗಿರುತ್ತದೆ, ಕವರಿನ ಬಾಯಿಗೆ ಸಿಕ್ಕಿದರೆ ಇನ್ನಷ್ಟು ಉದುರುತ್ತದೆ. ಪುಸ್ತಕದ ಮುಂದೆ ಇನ್ನೊಂದು ರಟ್ಟು ಇಟ್ಟು ಮೂರನ್ನೂ ಸೇರಿಸಿ ಒಳಗೆ ಜಾರಿಸಿ, ಕೊನೆಗೆ ಮುಂದಿನದನ್ನು ಮೆಲ್ಲಗೆ ಎಳೆದುಕೊಳ್ಳಿ.

ಅಳತೆ: ರಟ್ಟು 7 ಇಂಚು ಅಗಲ, ಕವರ್ 7¼. ಈಗಿನ ಸಂಚಿಕೆಗಳ ಕವರಿಗೆ ತುರುಕಿದರೆ ಬೆನ್ನು ಬಾಗುತ್ತದೆ.

ರೇಟಿಂಗ್ ಕೊಟ್ಟು ಸೀಲ್ ಮಾಡುವ ಸಿಜಿಸಿ ಎಂಬ ಕಂಪನಿಯ ಡಬ್ಬಿ ಮಾರುವವರಿಗೆ ಸರಿ, ಓದುವವರಿಗಲ್ಲ. ಆದರೆ ಸೀಲಾಗದ ಪ್ರತಿ ಕೊಳ್ಳುವಾಗ ಒಳಪುಟ ತಿರುವಲೇಬೇಕು. 1974ರ ಹಲ್ಕ್ 181ನೇ ಸಂಚಿಕೆಯಲ್ಲಿ ಕತ್ತರಿಸಿ ಕೂಡಿಡಲೆಂದೇ ಒಳಪುಟದಲ್ಲಿ ಅಚ್ಚಾಗಿದ್ದ ‘ಮಾರ್ವೆಲ್ ವ್ಯಾಲ್ಯೂ ಸ್ಟಾಂಪ್’ ಚೀಟಿಯನ್ನು ಎಷ್ಟೋ ಮಕ್ಕಳು ಆಗಲೇ ಕತ್ತರಿಸಿಕೊಂಡಿದ್ದಾರೆ. ಹೊರಗಿನಿಂದ ನೋಡಿದರೆ ಅದರ ಸುಳಿವೇ ಸಿಗದು.

ಮೈಲಾರ್ ಹಲವು ಪಟ್ಟು ದುಬಾರಿ. ಮುನ್ನೂರು ಸಂಚಿಕೆ ಇದ್ದರೆ ಬೆಲೆಬಾಳುವ ಇಪ್ಪತ್ತಕ್ಕೆ ಅದು, ಮಿಕ್ಕವಕ್ಕೆ ಪಾಲಿಪ್ರೊಪಿಲೀನ್: ನನ್ನ ಜೇಬಿಗೆ ಹೊಂದುವ ಲೆಕ್ಕ ಇದು. ಮಂಗಳೂರಿನಂಥ ತೇವದ ಊರಲ್ಲಿ ಎರಡಕ್ಕೂ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು. ತುಕ್ಕು ಮೊದಲು ಹಿಡಿಯುವುದು ಮಧ್ಯದ ಪಿನ್ನುಗಳಿಗೆ, ಅಲ್ಲಿಂದ ಕಂದು ಕಲೆ ಪುಟಕ್ಕೆ ಇಳಿಯುತ್ತದೆ.