ದುಡ್ಡು ಕೊಟ್ಟು ರೆಸ್ಯೂಮೆ ಬರೆಸಬೇಕಾ? ತಮ್ಮ ಬರೆಸಿದ್ದನ್ನು ಓದಿ ಬರೆದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿ ಈಗಷ್ಟೇ ಹೊರಬಂದವರಾಗಲಿ, ನಾಲ್ಕೈದು ವರ್ಷ ದುಡಿದವರಾಗಲಿ, ಆನ್‌ಲೈನ್‌ನಲ್ಲಿ ರೆಸ್ಯೂಮೆ ಬರೆಸಲು 3,000 ರೂಪಾಯಿ ಕೊಡಬೇಕಾಗಿಲ್ಲ. ನನ್ನ ಚಿಕ್ಕಪ್ಪನ ಮಗ ಕೊಟ್ಟ. ಅವರು ಬರೆದುಕೊಟ್ಟಿದ್ದನ್ನು ಸಾಲುಸಾಲಾಗಿ ಓದಿದ್ದೇನೆ, ಅವನ ಜೊತೆ ಕೂತು ಹೊಸದಾಗಿ ಬರೆದಿದ್ದೇನೆ. ನಾನು ಬೆಂಗಳೂರಿನಲ್ಲಿ ಮಾಡುವುದು ರಿಕ್ರೂಟ್‌ಮೆಂಟ್ ಕೆಲಸವೇ. ಹಾಗಾಗಿ ರೆಸ್ಯೂಮೆ ಕಳಿಸಿದ ಮೇಲೆ ಆ ಕಡೆ ಏನಾಗುತ್ತದೆ ಅನ್ನೋದು ನನಗೆ ದಿನಾ ಕಾಣುತ್ತದೆ. ಬರೆದುಕೊಟ್ಟ ಕಂಪನಿಯ ಹೆಸರು ಬೇಡ. ಇಂಥ ಪ್ಯಾಕೇಜ್ ಮಾರುವವರು ಬಹಳ ಜನ ಇದ್ದಾರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ತಮ್ಮ ಬಿ.ಕಾಂ. ಓದಿದವನು. 2021ರಿಂದ ದಾವಣಗೆರೆಯ ಒಂದು ರೈಸ್ ಮಿಲ್ಲಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ಲೆಕ್ಕ ತಾಳೆ ನೋಡೋದು, ಲಾರಿ ಬಾಡಿಗೆ, ಹಮಾಲರ ಕೂಲಿ, ಎಲ್ಲಾ ಅವನ ಮೇಲೇ. ಬೆಂಗಳೂರಿಗೆ ಬರಬೇಕು ಅಂತ ಆಸೆ. ಸಿಕ್ಕ ಸಿಕ್ಕ ಕಡೆ ಅಪ್ಲೈ ಮಾಡಿ ಒಂದು ಕಾಲ್ ಕೂಡ ಬರದೆ ಬೇಸತ್ತಿದ್ದಾಗ, ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು, ನಿಮ್ಮ ರೆಸ್ಯೂಮೆಯ ಎಟಿಎಸ್ ಸ್ಕೋರ್ ಉಚಿತವಾಗಿ ನೋಡಿಕೊಳ್ಳಿ ಅಂತ. ಹಾಕಿ ನೋಡಿದ. ಕೆಂಪು ಬಣ್ಣದಲ್ಲಿ 38 ಅಂತ ತೋರಿಸಿತು. ಅದರ ಕೆಳಗೇ ದುಡ್ಡು ಕಟ್ಟುವ ಬಟನ್.

ಈ ಸ್ಕೋರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ವ್ಯಾಪಾರ ನಿಂತಿರುವುದು ಇದರ ಮೇಲೆ. ಎಟಿಎಸ್ ಅಂದರೆ ಬಂದ ಅರ್ಜಿಗಳನ್ನು ಕಂಪನಿಗಳು ಒಂದು ಕಡೆ ಜೋಡಿಸಿಟ್ಟುಕೊಳ್ಳುವ ಸಾಫ್ಟ್‌ವೇರ್. ವರ್ಕ್‌ಡೇ, ಗ್ರೀನ್‌ಹೌಸ್, ಜೋಹೋ ರಿಕ್ರೂಟ್, ಹೀಗೆ ಬೇಕಾದಷ್ಟಿವೆ. ಅದು ನಿಮ್ಮ ರೆಸ್ಯೂಮೆಯಿಂದ ಹೆಸರು, ಫೋನ್ ನಂಬರ್, ಕೆಲಸ ಮಾಡಿದ ಕಡೆ, ಸ್ಕಿಲ್ ಇವನ್ನೆಲ್ಲ ಎತ್ತಿ ಬೇರೆ ಬೇರೆ ಖಾನೆಗೆ ಹಾಕುತ್ತದೆ. ಆಮೇಲೆ ಹುಡುಕುವುದು ನನ್ನಂಥವರು. ಕಂಪ್ಯೂಟರೇ ತಿರಸ್ಕರಿಸುವುದು ಹೆಚ್ಚಾಗಿ ಅಪ್ಲೈ ಮಾಡುವಾಗ ಕೇಳುವ ಪ್ರಶ್ನೆಗಳಿಂದ: ಎಷ್ಟು ವರ್ಷ ಅನುಭವ, ಬೆಂಗಳೂರಿಗೆ ಬರಲು ಸಿದ್ಧವಾ, ಯಾವಾಗ ಸೇರುತ್ತೀರಿ. ಅಲ್ಲಿ ಒಂದು ಉತ್ತರ ಹೊಂದದಿದ್ದರೆ ರೆಸ್ಯೂಮೆ ಎಷ್ಟು ಚೆನ್ನಾಗಿದ್ದರೂ ಮುಂದೆ ಹೋಗಲ್ಲ. ಈಗ ಕೆಲವು ಸಾಫ್ಟ್‌ವೇರ್‌ಗಳು ಎಐ ಬಳಸಿ ಯಾರದ್ದು ಜಾಸ್ತಿ ಹೊಂದುತ್ತದೆ ಅಂತ ಮೇಲೆ ಕೆಳಗೆ ಜೋಡಿಸಿಯೂ ಕೊಡುತ್ತವೆ, ನಿಜ. ಆದರೆ ಅದೂ ಒಂದು ಹುದ್ದೆಯ ವಿವರದ ಜೊತೆ ಹೋಲಿಸಿಯೇ. ಯಾವ ಕೆಲಸಕ್ಕೆ ಹಾಕುತ್ತಿದ್ದೀಯ ಅಂತ ಕೂಡ ಕೇಳದೆ ಕೊಟ್ಟ 38ಕ್ಕೆ ಏನು ಅರ್ಥ? ಕೆಲಸ ಇಲ್ಲದೆ ಹೆದರಿರುವ ಹುಡುಗರಿಗೆ ಇಂಥ ನಂಬರ್ ತೋರಿಸಿ ದುಡ್ಡು ಕೇಳುವುದು ನನಗೆ ಸರಿ ಕಾಣಲ್ಲ.

ಈಗ ಸೇವೆಯ ವಿಷಯ. ದುಡ್ಡು ಕಟ್ಟಿದ ಮೇಲೆ ಒಂದು ಫಾರ್ಮ್ ಬಂತು, ಒಂದು ಫೋನ್ ಬಂತು, ಹೇಳಿದ ದಿನಕ್ಕೇ ರೆಸ್ಯೂಮೆ ಬಂತು. ಮಾತಾಡಿದವರು ಮರ್ಯಾದೆಯಿಂದಲೇ ಮಾತಾಡಿದರಂತೆ. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಇರಲಿಲ್ಲ, ಹಾಗಾಗಿ ತಮ್ಮ ಹೂಂ, ಯೆಸ್ ಅಂದಿದ್ದೇ ಜಾಸ್ತಿ. ಒಳ್ಳೆಯದು ಏನೂ ಆಗಲಿಲ್ಲ ಅಂತಲ್ಲ. ಅವನ ಹಳೆಯ ರೆಸ್ಯೂಮೆಯಲ್ಲಿ ತಂದೆಯ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಆಧಾರ್ ನಂಬರ್, ಕೊನೆಯಲ್ಲಿ ಮೇಲಿನದೆಲ್ಲ ಸತ್ಯ ಅಂತ ಒಂದು ಪ್ರಮಾಣಪತ್ರ, ಎಲ್ಲಾ ಇತ್ತು. ಅವನ್ನು ತೆಗೆದರು. ತೆಗೆಯಲೇಬೇಕಾಗಿತ್ತು, ಅದರಲ್ಲೂ ಆಧಾರ್, ಪ್ಯಾನ್ ನಂಬರನ್ನು ರೆಸ್ಯೂಮೆಯಲ್ಲಿ ಯಾರೂ ಹಾಕಬಾರದು. ಸ್ಪೆಲ್ಲಿಂಗ್ ಸರಿ ಮಾಡಿದ್ದರು. ತಾರೀಖುಗಳು ಒಂದೇ ರೀತಿ ಇದ್ದವು. ವರ್ಡ್ ಫೈಲನ್ನೂ ಕೊಟ್ಟರು.

ಒಳಗೆ ಬರೆದದ್ದು ಮಾತ್ರ ಅವನದ್ದಲ್ಲ. ಫಲಿತಾಂಶಕ್ಕಾಗಿ ಶ್ರಮಿಸುವ ವೃತ್ತಿಪರ, ಹಣಕಾಸು ವ್ಯವಹಾರಗಳಲ್ಲಿ ಪರಿಣತ, ಉತ್ತಮ ತಂಡದ ಆಟಗಾರ, ಹೀಗೆ ಅರ್ಧ ಪುಟ ಇಂಗ್ಲಿಷ್. "ಅಕ್ಕಾ, ಇದು ನಂದೇನಾ?" ಅಂತ ಅವನೇ ಕೇಳಿದ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿತ್ತು. ಖರ್ಚನ್ನು ಶೇ 20ರಷ್ಟು ಇಳಿಸಿದ ಅಂತ ಒಂದು ಸಾಲು ಸೇರಿಸಿದ್ದರು. ಅವನು ಹಾಗೆ ಎಲ್ಲೂ ಹೇಳಿಲ್ಲ. ಇಂಟರ್‌ವ್ಯೂನಲ್ಲಿ ಯಾವ ಖರ್ಚು, ಹೇಗೆ ಇಳಿಸಿದೆ ಅಂತ ಎರಡು ಪ್ರಶ್ನೆ ಕೇಳಿದರೆ ಹುಡುಗ ಸಿಕ್ಕಿಬೀಳುತ್ತಾನೆ, ಬರೆದುಕೊಟ್ಟವರಲ್ಲ. ಒಂದು ಸಲ ತಿದ್ದಿಕೊಡುವ ಅವಕಾಶ ಇತ್ತು, ಆಗ ತೆಗೆಸಿದೆವು.

ಅವನು ನಿಜವಾಗಿ ಏನು ಮಾಡಿದ್ದಾನೆ ಅಂತ ಯಾರೂ ಕೇಳಿರಲಿಲ್ಲ. ನಾನು ಕನ್ನಡದಲ್ಲೇ ಕೇಳುತ್ತಾ ಹೋದೆ. ಮಿಲ್ಲಿನಲ್ಲಿ ತುಂಬಾ ಕಷ್ಟ ಆಗಿದ್ದು ಯಾವಾಗ? ಆಗ ಹೇಳಿದ. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ, 25 ಕೆಜಿವರೆಗಿನ ಚೀಲಗಳಿಗೆ, ಶೇ 5 ಜಿಎಸ್‌ಟಿ ಬಂತಲ್ಲ, ಬಹಳ ಮಿಲ್ಲುಗಳು ತೆರಿಗೆ ಬೀಳದ 26 ಕೆಜಿ ಚೀಲಕ್ಕೆ ಹೋದವಲ್ಲ, ಆಗ ಇವರ ಮಿಲ್ಲಿನಲ್ಲೂ ಚೀಲ ಬದಲಾಯಿತು. ತೆರಿಗೆ ಇರುವ ಚೀಲ ಯಾವುದು, ಇಲ್ಲದ್ದು ಯಾವುದು ಅಂತ ಟ್ಯಾಲಿಯಲ್ಲಿ ಎಲ್ಲಾ ಐಟಂಗಳನ್ನು ಬೇರೆ ಮಾಡಿ, ಹಳೆಯ ಸ್ಟಾಕ್ ಲೆಕ್ಕ ಹಾಕಿ, ಬಿಲ್ಲಿಂಗ್ ನಿಲ್ಲದ ಹಾಗೆ ನೋಡಿಕೊಂಡವನು ಇವನು. ಅಂಗಡಿಯವರು ಫೋನ್ ಮಾಡಿ ಬಿಲ್ ಯಾಕೆ ಹೀಗೆ ಬಂದಿದೆ ಅಂತ ಜಗಳಕ್ಕೆ ಬಂದರೆ ವಿವರಿಸಿದವನೂ ಇವನೇ. ಎಂಥಾ ಅನುಭವ ಇದು! ಅಕೌಂಟ್ಸ್‌ಗೆ ಜನ ತೆಗೆದುಕೊಳ್ಳುವ ಯಾವ ಮ್ಯಾನೇಜರ್ ಓದಿದರೂ ಕೂರಿಸಿ ಮಾತಾಡಿಸುತ್ತಾರೆ. 3,000 ರೂಪಾಯಿಯ ರೆಸ್ಯೂಮೆಯಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ.

ನಾವು ಹುಡುಕುವುದು ಹೇಗೆ ಅಂತಲೂ ಹೇಳುತ್ತೇನೆ. ನೌಕ್ರಿ ಅನ್ನುವ ಕೆಲಸದ ವೆಬ್‌ಸೈಟಿನಲ್ಲಿ ರಿಕ್ರೂಟರ್‌ಗಳಿಗೆ ರೆಸ್‌ಡೆಕ್ಸ್ ಅಂತ ಬೇರೆಯೇ ಒಂದು ಡೇಟಾಬೇಸ್ ಇದೆ. ಅದರಲ್ಲಿ ನಾವು ಟೈಪ್ ಮಾಡುವುದು ಟ್ಯಾಲಿ ಪ್ರೈಮ್, ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ, ಟಿಡಿಎಸ್, ಇ-ವೇ ಬಿಲ್ ಇಂಥ ಅಕೌಂಟ್ಸ್, ತೆರಿಗೆ ಕೆಲಸದ ಪದಗಳನ್ನೇ. ಜೊತೆಗೆ ಊರು, ಎಷ್ಟು ವರ್ಷ, ಸಂಬಳ, ನೋಟಿಸ್ ಪೀರಿಯಡ್, ಇತ್ತೀಚೆಗೆ ಯಾವಾಗ ಲಾಗಿನ್ ಆಗಿದ್ದಾರೆ, ಇಷ್ಟು ಫಿಲ್ಟರ್. ಪರಿಣತ ವೃತ್ತಿಪರ ಅಂತ ಯಾರೂ ಹುಡುಕಲ್ಲ. ತಮ್ಮನ ಪ್ರೊಫೈಲಿನಲ್ಲಿ ಊರು ದಾವಣಗೆರೆ ಅಂತಷ್ಟೇ ಇತ್ತು, ಕೆಲಸ ಬೇಕಾದ ಊರಿನ ಜಾಗ ಖಾಲಿ. ಸ್ಕಿಲ್ ಜಾಗದಲ್ಲಿ ಎಂಎಸ್ ಆಫೀಸ್. ಬೆಂಗಳೂರಿನಲ್ಲಿ ಕೂತು ಹುಡುಕುವವರಿಗೆ ಅವನು ಕಾಣಲು ಸಾಧ್ಯವೇ ಇರಲಿಲ್ಲ. ಅದನ್ನು ತುಂಬಿಸಲು ಒಂದು ಪೈಸೆ ಖರ್ಚಿಲ್ಲ. ವಾರಕ್ಕೆರಡು ಸಲ ಲಾಗಿನ್ ಆಗಿ ಏನಾದರೂ ಒಂದು ಸಾಲು ಅಪ್‌ಡೇಟ್ ಮಾಡಿ, ಇತ್ತೀಚೆಗೆ ಆಕ್ಟಿವ್ ಇದ್ದವರನ್ನೇ ನಾವು ಮೊದಲು ನೋಡುವುದು. ಈಗಿರುವ ಮಾಲೀಕರಿಗೆ ಗೊತ್ತಾದರೆ ಅನ್ನುವ ಭಯ ಇದ್ದವರು ಆ ಕಂಪನಿಯನ್ನು ಬ್ಲಾಕ್ ಮಾಡಬಹುದು, ಸೆಟ್ಟಿಂಗ್ಸ್‌ನಲ್ಲಿದೆ.

ರೆಸ್ಯೂಮೆಯ ಚಂದದ ಬಗ್ಗೆ ಒಂದು ಮಾತು. ಅವರು ಕೊಟ್ಟಿದ್ದರಲ್ಲಿ ಎಡಗಡೆ ನೀಲಿ ಪಟ್ಟಿ, ಎರಡು ಕಾಲಂ, ಎಕ್ಸೆಲ್ ಎಷ್ಟು ಬರುತ್ತದೆ ಅಂತ ಚುಕ್ಕಿಗಳು. ನೋಡಲು ಚೆನ್ನಾಗಿದೆ. ಆದರೆ ಎರಡು ಕಾಲಂ ಇದ್ದರೆ ಕೆಲವು ಸಾಫ್ಟ್‌ವೇರ್ ಅಡ್ಡಡ್ಡ ಓದಿ ಕಂಪನಿ ಹೆಸರಿನ ಪಕ್ಕ ಹವ್ಯಾಸ ತಂದು ಕೂರಿಸುತ್ತದೆ. ನೀವೇ ಪರೀಕ್ಷೆ ಮಾಡಬಹುದು: ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಓದಲು ಅರ್ಥ ಆದರೆ ಸಾಕು. ಈ ಪರೀಕ್ಷೆಗೆ ಯಾರ ಸ್ಕೋರೂ ಬೇಡ.

ಪ್ಯಾಕೇಜಿನ ಇನ್ನೊಂದು ಭಾಗ ಪ್ರೊಫೈಲ್ ಬೂಸ್ಟ್, ಒಂದು ತಿಂಗಳು ನಿಮ್ಮ ಹೆಸರನ್ನು ಮೇಲೆ ತೋರಿಸುತ್ತೇವೆ ಅಂತ. ಕಾಲ್ ಬಂದವು. ಬಹುತೇಕ ಇನ್ಶೂರೆನ್ಸ್ ಮಾರುವ ಕೆಲಸಕ್ಕೆ, ಕಮಿಷನ್ ಮೇಲೆ. ಒಂದು ಕಡೆಯವರು ರಿಜಿಸ್ಟ್ರೇಷನ್ ಫೀ ಕಟ್ಟು ಅಂದರು, ತಮ್ಮ ಫೋನ್ ಇಟ್ಟ. ಒಳ್ಳೆಯದಾಯಿತು. ಕೆಲಸಕ್ಕೆ ಸೇರಿಸಿಕೊಳ್ಳುವವರು ನಿಮ್ಮಿಂದ ದುಡ್ಡು ಕೇಳಲ್ಲ. ಟ್ರೈನಿಂಗ್‌ಗೆ, ಲ್ಯಾಪ್‌ಟಾಪ್ ಡಿಪಾಸಿಟ್‌ಗೆ, ಆಫರ್ ಲೆಟರ್ ರಿಲೀಸ್ ಮಾಡಲಿಕ್ಕೆ ಅಂತ ಏನೇ ಹೆಸರಲ್ಲಿ ಕೇಳಿದರೂ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ದುಡ್ಡು ಕೈಗೆ ಸಿಗದ ಹಾಗೆ ಬೇರೆ ಬೇರೆ ಖಾತೆಗೆ ಹೋಗುತ್ತಿರುತ್ತದೆ.

ಲಿಂಕ್ಡ್‌ಇನ್‌ಗೆ ಅಂತ ಬರೆದುಕೊಟ್ಟ ಪರಿಚಯವೂ ಅದೇ ಥರದ್ದು, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅಲ್ಲಿ 100ಕ್ಕೂ ಹೆಚ್ಚು ಜನ ಅಪ್ಲೈ ಒತ್ತಿದ್ದಾರೆ ಅಂತ ಕಂಡರೆ ಎದೆಗುಂದಬೇಡಿ ಅಂತ ಮಾತ್ರ ಹೇಳುತ್ತೇನೆ. ಕಂಪನಿಯ ಸೈಟಿಗೆ ಕರೆದುಕೊಂಡು ಹೋಗುವ ಕೆಲಸಗಳಲ್ಲಿ ಅದು ಬಟನ್ ಒತ್ತಿದವರ ಲೆಕ್ಕ, ಪೂರ್ತಿ ಅರ್ಜಿ ಹಾಕಿದವರದ್ದಲ್ಲ.

ನನ್ನ ದೊಡ್ಡ ತಕರಾರು ಏನೆಂದರೆ, ತಮ್ಮನಂಥವರಿಗೆ ನಿಜವಾಗಿ ತೊಡಕಾಗುವುದು ಕಾಗದಪತ್ರ, ಅದರ ಮಾತನ್ನೇ ಇವರು ಎತ್ತಲಿಲ್ಲ. ಬೆಂಗಳೂರಿನ ಸ್ವಲ್ಪ ದೊಡ್ಡ ಕಂಪನಿ ಯಾವುದೇ ಇರಲಿ, ಆಫರ್ ಕೊಟ್ಟ ಮೇಲೆ ಹಳೆಯ ಕೆಲಸದ ವೆರಿಫಿಕೇಷನ್ ಮಾಡಿಸುತ್ತದೆ. ಪಿಎಫ್ ಇದ್ದವರಿಗೆ ಯುಎಎನ್ (ಪಿಎಫ್ ಖಾತೆಯ ಗುರುತಿನ) ನಂಬರಿನಿಂದ ಎಲ್ಲಿ ಎಷ್ಟು ದಿನ ಇದ್ದರು ಅಂತ ಸಿಕ್ಕಿಬಿಡುತ್ತದೆ. ಆದರೆ ಪಿಎಫ್ ಕಡ್ಡಾಯ ಇರುವುದು 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ. ಸಣ್ಣ ಮಿಲ್ಲು, ಅಂಗಡಿ, ಆಡಿಟರ್ ಆಫೀಸಿನಲ್ಲಿ ದುಡಿದವರಿಗೆ ಅದು ಇರಲ್ಲ. ಸಂಬಳ ಕವರಿನಲ್ಲಿ ಕೊಡುತ್ತಾರೆ, ಅಪಾಯಿಂಟ್‌ಮೆಂಟ್ ಲೆಟರ್ ಕೇಳಿದವರೇ ಇಲ್ಲ. ನಾಲ್ಕು ವರ್ಷ ನಿಯತ್ತಾಗಿ ದುಡಿದ ಹುಡುಗರು ಅದನ್ನು ತೋರಿಸಲಾಗದೆ ಫ್ರೆಶರ್ ಸಂಬಳಕ್ಕೆ ಒಪ್ಪಿಕೊಂಡಿದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಹಾಗಾಗಿ ರೆಸ್ಯೂಮೆಗಿಂತ ಮೊದಲು ಈ ಕೆಲಸ ಮಾಡಿ. ಮಾಲೀಕರ ಹತ್ತಿರ ವಿನಯದಿಂದಲೇ ಕೇಳಿ, ಅಣ್ಣಾ, ಇನ್ನು ಮೇಲೆ ಸಂಬಳ ಬ್ಯಾಂಕಿಗೆ ಹಾಕಿ ಅಂತ. ಲೆಟರ್‌ಹೆಡ್‌ನಲ್ಲಿ ಸೇರಿದ ದಿನ, ಹುದ್ದೆ, ಮಾಡುವ ಕೆಲಸ ಬರೆಸಿ ಸಹಿ, ಸೀಲು ಹಾಕಿಸಿಕೊಳ್ಳಿ. ಅಲ್ಲಿ ಇರುವಾಗಲೇ ಕೇಳಿ, ಬಿಟ್ಟ ಮೇಲೆ ಸಿಗುವುದು ಕಷ್ಟ. ತಮ್ಮನ ಮಾಲೀಕರು ಕೇಳಿದ ಮರುದಿನವೇ ಕೊಟ್ಟರು.

ಇಂಗ್ಲಿಷ್ ಬರೆಯೋಕೆ ಬರಲ್ಲ ಅನ್ನುವವರಿಗೆ ಈಗ ದಾರಿ ಇದೆ. ನೀವು ಮಾಡಿದ ಕೆಲಸವನ್ನು ಕನ್ನಡದಲ್ಲೇ ಚಾಟ್‌ಜಿಪಿಟಿಗೆ ಹೇಳಿ, ಸರಳ ಇಂಗ್ಲಿಷ್‌ನಲ್ಲಿ ಬರೆದುಕೊಡು, ನಾನು ಹೇಳದ್ದನ್ನು ಸೇರಿಸಬೇಡ ಅಂತ ಹೇಳಿ. ಆಮೇಲೆ ಸಾಲುಸಾಲು ಓದಿ, ಯಾಕೆಂದರೆ ಅದೂ ಸೇರಿಸುತ್ತದೆ. ನಾವಿಬ್ಬರೂ ಹೀಗೇ ಮಾಡಿದೆವು. ಒಂದು ಪುಟ ಆಯಿತು, ಒಂದೇ ಕಾಲಂ, ಮೊದಲ ಸಾಲಿನಲ್ಲೇ ಟ್ಯಾಲಿ ಮತ್ತು ಜಿಎಸ್‌ಟಿ, ಮೂರನೆಯ ಸಾಲಿನಲ್ಲಿ 26 ಕೆಜಿ ಚೀಲದ ಕಥೆ. ಈಗ ಅಕೌಂಟ್ಸ್ ಕೆಲಸಕ್ಕೇ ಕಾಲ್ ಬರುತ್ತಿವೆ. ಪೀಣ್ಯದ ಕಡೆಯ ಒಂದು ಫ್ಯಾಕ್ಟರಿಯ ಎರಡನೇ ಸುತ್ತು ಬಾಕಿ ಇದೆ.

ಉಚಿತವಾಗಿ ಸಿಗುವ ಇನ್ನೆರಡು. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ಸಹಾಯವಾಣಿ 1514. ನಮ್ಮ ರಾಜ್ಯದ್ದೇ ಸ್ಕಿಲ್ ಕನೆಕ್ಟ್ ಇದೆ, ಉದ್ಯೋಗ ಮೇಳಗಳ ಸುದ್ದಿ ಅಲ್ಲಿ ಸಿಗುತ್ತದೆ. ದೊಡ್ಡ ಸಾಫ್ಟ್‌ವೇರ್ ಕೆಲಸ ಹುಡುಕುವವರಿಗಿಂತ ಐಟಿಐ, ಡಿಪ್ಲೊಮಾ, ಬಿ.ಕಾಂ. ಆದವರಿಗೆ ಇವು ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ.

ಹಾಗಾದರೆ ಯಾರು ದುಡ್ಡು ಕೊಡಬಹುದು? ಹದಿನೈದು ಇಪ್ಪತ್ತು ವರ್ಷ ಅನುಭವ ಇದ್ದು, ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಲಾಗದೆ ಒದ್ದಾಡುವವರು, ಅದೂ ಅವರ ಕ್ಷೇತ್ರ ಗೊತ್ತಿರುವವರು ಬರೆಯುವುದಾದರೆ. ಕಟ್ಟುವ ಮೊದಲು ನಿಮ್ಮದೇ ಕ್ಷೇತ್ರದ ಒಂದು ಸ್ಯಾಂಪಲ್ ಕೇಳಿ, ಎಷ್ಟು ಸಲ ತಿದ್ದಿಕೊಡುತ್ತಾರೆ ಕೇಳಿ, ಬರೆಯುವವರ ಜೊತೆ ಕನ್ನಡದಲ್ಲಿ ಮಾತಾಡಬಹುದಾ ಅಂತಲೂ ಕೇಳಿ. ಹಣ ವಾಪಸ್ ಕೊಡುವ ನಿಯಮವನ್ನು ಪೂರ್ತಿ ಓದಿ. ತಮ್ಮನ ಪ್ಯಾಕೇಜಿನಲ್ಲಿ ಮೊದಲ ಫೋನ್ ಕಾಲ್ ಆದ ಮೇಲೆ ಒಂದು ರೂಪಾಯಿಯೂ ವಾಪಸ್ ಇಲ್ಲ ಅಂತ ಬರೆದಿತ್ತು, ಅದೂ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ.