ಲ್ಯಾಸಿಕ್‌ಗೆ ಮುಂಚಿನ ಕಣ್ಣಿನ ತಪಾಸಣೆ: ನೌಕರಿಗಾಗಿ ಹೋಗುವವರಿಗೆ ಒಂದು ವಿಮರ್ಶೆ

ಕಾರವಾರದ ಕಡೆ ಲ್ಯಾಸಿಕ್‌ನಂಥ, ಕನ್ನಡಕ ತೆಗೆಸುವ ಲೇಸರ್ ಚಿಕಿತ್ಸೆಯ ಮಾತು ಚೆಂದ ಕಾಣಿಸುವ ಕಾರಣಕ್ಕಿಂತ ನೌಕರಿಯ ಕಾರಣಕ್ಕೆ ಬರುವುದೇ ಹೆಚ್ಚು. ಅರಗಾದ ನೌಕಾನೆಲೆ 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿದ ಮೇಲೆ ಇಲ್ಲಿ ಬೆಳೆದವರಿಗೆ ಸಮವಸ್ತ್ರದ ನೌಕರಿ ದೂರದ ಮಾತಾಗಿ ಉಳಿದಿಲ್ಲ. ನೌಕಾಪಡೆ, ತಟರಕ್ಷಣಾ ಪಡೆ, ರೈಲ್ವೆ, ವ್ಯಾಪಾರಿ ಹಡಗು, ಎಲ್ಲಿಗೆ ಹೊರಟರೂ ಒಂದು ದಿನ ಕಣ್ಣಿನ ಚಾರ್ಟಿನ ಮುಂದೆ ನಿಲ್ಲಲೇಬೇಕು. ನನ್ನ ನಂಬರು ಎರಡೂ ಕಣ್ಣಿಗೆ ಮೈನಸ್ 4.25. ಎಂಜಿನಿಯರಿಂಗ್ ಮುಗಿಸಿ ನೌಕಾಪಡೆಯ ಅಧಿಕಾರಿ ಹುದ್ದೆಗೆ ಅರ್ಜಿ ಹಾಕುವ ಮುನ್ನ ಹುಬ್ಬಳ್ಳಿಯ ಖಾಸಗಿ ಕಣ್ಣಾಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚಿನ ಪೂರ್ಣ ತಪಾಸಣೆ ಮಾಡಿಸಿಕೊಂಡೆ. ಈ ವಿಮರ್ಶೆ ಆ ತಪಾಸಣೆಗೆ ಮತ್ತು ಅದರ ಜೊತೆ ಸಿಕ್ಕ ಸಲಹೆಗೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯನ್ನು ನಾನು ಮಾಡಿಸಿಕೊಳ್ಳಲಿಲ್ಲ. ಕೆಲವು ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ.

ನಮ್ಮ ಕರಾವಳಿಯವರಿಗೆ ಮಡಗಾಂವ್ ಹತ್ತಿರ, ಮಂಗಳೂರು ಮತ್ತು ಮಣಿಪಾಲಕ್ಕೆ ರೈಲಿನ ಅನುಕೂಲವಿದೆ. ಆದರೂ ಹುಬ್ಬಳ್ಳಿಯನ್ನು ಆರಿಸಿಕೊಂಡಿದ್ದು ಚಿಕ್ಕಪ್ಪನ ಮನೆ ಅಲ್ಲಿರುವುದರಿಂದ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗುವ ಪ್ರಯಾಣ ಅರ್ಧ ದಿನವನ್ನೇ ನುಂಗುತ್ತದೆ. ತಪಾಸಣೆಗೆ ಹೊರಡುವ ಮುನ್ನ ಮೃದು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಒಂದೆರಡು ವಾರ, ಗಟ್ಟಿ ಲೆನ್ಸ್ ಹಾಕುವವರು ಇನ್ನೂ ಹೆಚ್ಚು ಕಾಲ ಅದನ್ನು ಬಿಟ್ಟಿರಬೇಕು. ಇಲ್ಲದಿದ್ದರೆ ಲೆನ್ಸಿನ ಒತ್ತಡಕ್ಕೆ ಬದಲಾದ ಆಕಾರವನ್ನೇ ಯಂತ್ರ ಕಣ್ಣಿನ ನಿಜವಾದ ಆಕಾರವೆಂದು ಅಳೆಯುತ್ತದೆ. ಫೋನಿನಲ್ಲಿ ಸಮಯ ಕೊಟ್ಟಾಗಲೇ ಆಸ್ಪತ್ರೆಯವರು ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದ್ದರು. ದೂರದಿಂದ ಬರುವವರನ್ನು ಸುಮ್ಮನೆ ಹಿಂದಕ್ಕೆ ಕಳಿಸುವ ಪ್ರಸಂಗ ಬಾರದಂತೆ ನೋಡಿಕೊಂಡ ಈ ಒಂದು ಕ್ರಮಕ್ಕೇ ನಾನು ಅಂಕ ಕೊಡುತ್ತೇನೆ.

ತಪಾಸಣೆಯ ಗುಣಮಟ್ಟದ ಬಗ್ಗೆ ಆಕ್ಷೇಪವಿಲ್ಲ. ಮೊದಲು ಯಂತ್ರದಲ್ಲಿ, ನಂತರ ಚಾರ್ಟಿನ ಮುಂದೆ ಲೆನ್ಸು ಬದಲಿಸುತ್ತ ನಂಬರು ನೋಡಿದರು; ಹಳೆಯ ಕನ್ನಡಕದ ಚೀಟಿಗಳನ್ನು ಕೇಳಿ, ಕಳೆದ ಒಂದು ವರ್ಷದಲ್ಲಿ ಅರ್ಧ ಡಯಾಪ್ಟರಿಗಿಂತ (ಕನ್ನಡಕದ ನಂಬರಿನ ಅಳತೆ) ಹೆಚ್ಚು ವ್ಯತ್ಯಾಸ ಆಗಿಲ್ಲವೆಂಬುದನ್ನು ಖಚಿತಪಡಿಸಿಕೊಂಡರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಉಬ್ಬುತಗ್ಗುಗಳನ್ನು ತಿರುಗುವ ಕ್ಯಾಮೆರಾದಿಂದ ಬಣ್ಣದ ನಕ್ಷೆಯಾಗಿ ತೆಗೆದರು. ಕಾರ್ನಿಯಾ ತೆಳುವಾಗುತ್ತ ಶಂಕುವಿನಂತೆ ಮುಂದೆ ಚಾಚುವ ಕೆರಟೋಕೋನಸ್ ಎಂಬ ಕಾಯಿಲೆಯ ಸುಳಿವಿದ್ದರೆ ಲೇಸರ್ ಮಾತನ್ನೇ ಬಿಡಬೇಕಾಗುವುದರಿಂದ ಎಲ್ಲ ಪರೀಕ್ಷೆಗಳಲ್ಲಿ ಇದು ಮುಖ್ಯವಾದದ್ದು. ಕೆಳರೆಪ್ಪೆಯ ಒಳಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಕಣ್ಣೀರು ಎಷ್ಟು ದೂರ ಇಳಿಯುತ್ತದೆಂದು ನೋಡುವ ಪರೀಕ್ಷೆಯಲ್ಲಿ ನನ್ನದು 11 ಮಿಲಿಮೀಟರ್ ಬಂತು. ಹತ್ತಕ್ಕಿಂತ ಕಡಿಮೆಯಾದರೆ ಶುಷ್ಕ ಕಣ್ಣಿನ ಸಂಶಯ ಪಡುತ್ತಾರೆ, ಹಾಗಾಗಿ ನಾನು ಗಡಿಯ ಮೇಲಿದ್ದೆ. ಮಬ್ಬು ಬೆಳಕಿನಲ್ಲಿ ಪಾಪೆಯ ಅಗಲವನ್ನು ಅಳೆದರು: 6.8 ಮಿಲಿಮೀಟರ್. ಕೊನೆಯಲ್ಲಿ ಪಾಪೆ ಹಿಗ್ಗುವ ಹನಿ ಹಾಕಿ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ, ಅಂಚುಗಳನ್ನು ನೋಡಿದರು. ಸಮೀಪದೃಷ್ಟಿಯವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ ಮತ್ತು ಲೇಸರ್ ಆ ಉದ್ದವನ್ನು ಕಡಿಮೆ ಮಾಡುವುದಿಲ್ಲ. ಕನ್ನಡಕ ಹೋದರೂ ರೆಟಿನಾ ಹರಿಯುವ ಅಪಾಯ ಮೊದಲಿದ್ದಷ್ಟೇ ಉಳಿಯುತ್ತದೆ ಎಂಬುದನ್ನು ವೈದ್ಯರು ನಾನು ಕೇಳುವ ಮೊದಲೇ ಹೇಳಿದ್ದು ನನಗೆ ಹಿಡಿಸಿತು.

ಈಗ ದಪ್ಪದ ವಿಷಯ. ನನ್ನ ಬಲಗಣ್ಣಿನ ಕಾರ್ನಿಯಾದ ನಡುಭಾಗ 522 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಎಡಗಣ್ಣಿನದು 518. ಸರಾಸರಿ ಸುಮಾರು 540 ಎನ್ನುತ್ತಾರೆ, ಆದ್ದರಿಂದ ಸ್ವಲ್ಪ ತೆಳು, ಆದರೆ ಕಾಯಿಲೆಯಲ್ಲ. ಲೇಸರ್ ಎಷ್ಟು ಪದರವನ್ನು ತೆಗೆಯುತ್ತದೆ ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ: ಚಿಕಿತ್ಸೆಯ ವೃತ್ತದ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ, ನಂಬರಿನಿಂದ ಗುಣಿಸಿ, ಮೂರರಿಂದ ಭಾಗಿಸಬೇಕು. 6.5 ಮಿಲಿಮೀಟರ್ ವೃತ್ತಕ್ಕೆ ನನ್ನ ನಂಬರಿನಲ್ಲಿ ಇದು ಸುಮಾರು 60 ಮೈಕ್ರಾನ್ ಆಗುತ್ತದೆ. ಲ್ಯಾಸಿಕ್‌ನಲ್ಲಿ ಲೇಸರ್ ಹಾಯಿಸುವ ಮುನ್ನ ಕಾರ್ನಿಯಾದಿಂದಲೇ ಮುಚ್ಚಳದಂತೆ ಮೇಲೆತ್ತುವ ತೆಳು ಪೊರೆಗೆ 110 ಮೈಕ್ರಾನ್ ಹಿಡಿದರೂ ಎಡಗಣ್ಣಿನಲ್ಲಿ ಅದರ ಅಡಿಯಲ್ಲಿ 348 ಉಳಿಯುತ್ತದೆ. ವೈದ್ಯರು ಬಯಸುವ 300ರ ಮಿತಿಗಿಂತ ಇದು ಸಾಕಷ್ಟು ಮೇಲಿದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ನಾನು ಯೋಗ್ಯ, ಮರುದಿನವೇ ಮಾಡಬಹುದು ಎಂದರು.

ಆದರೆ ನಾನು ಜೊತೆಗೆ ಒಯ್ದಿದ್ದ ನೌಕಾಪಡೆಯ ಅಧಿಸೂಚನೆಯಲ್ಲಿ ಬೇರೆಯೇ ಮಿತಿಯಿತ್ತು. ಶಸ್ತ್ರಚಿಕಿತ್ಸೆ 20 ವರ್ಷ ತುಂಬುವ ಮೊದಲು ಆಗಿರಬಾರದು. ವೈದ್ಯಕೀಯ ಪರೀಕ್ಷೆಗೆ ಕನಿಷ್ಠ 12 ತಿಂಗಳು ಮುಂಚೆ ಮುಗಿದಿರಬೇಕು. ಮೊದಲಿನ ನಂಬರು 6ನ್ನು ಮೀರಿರಬಾರದು. ಕಣ್ಣುಗುಡ್ಡೆಯ ಉದ್ದ 26 ಮಿಲಿಮೀಟರ್ ದಾಟಿರಬಾರದು. ಶಸ್ತ್ರಚಿಕಿತ್ಸೆಯ ನಂತರ ಉಳಿದ ನಂಬರು ಒಂದು ಡಯಾಪ್ಟರ್ ಒಳಗಿರಬೇಕು. ಮತ್ತು ಆಗ ಪೊರೆಯೂ ಸೇರಿ ಕಾರ್ನಿಯಾದ ಒಟ್ಟು ದಪ್ಪ 450 ಮೈಕ್ರಾನ್‌ಗಿಂತ ಕಡಿಮೆ ಇರಬಾರದು. ಇಷ್ಟೆಲ್ಲ ಇದ್ದರೂ ಜಲಾಂತರ್ಗಾಮಿ, ಮುಳುಗುಗಾರಿಕೆ ಮತ್ತು ಮಾರ್ಕೋಸ್ (ನೌಕಾಪಡೆಯ ಕಮಾಂಡೋ) ವಿಭಾಗಗಳಿಗೆ ಯಾವ ಲೇಸರ್ ಕಣ್ಣೂ ನಡೆಯುವುದಿಲ್ಲ. ನನ್ನ ಎಡಗಣ್ಣಿನ 518ರಲ್ಲಿ 60 ಕಳೆದರೆ 458. ಎಂಟು ಮೈಕ್ರಾನ್‌ಗಳ ಅಂತರ. ಒಂದು ಯಂತ್ರಕ್ಕೂ ಇನ್ನೊಂದು ಯಂತ್ರಕ್ಕೂ ಅಷ್ಟು ವ್ಯತ್ಯಾಸ ಬರುವುದು ಸಹಜ. ಬೆಳಿಗ್ಗೆ ಎದ್ದ ಕೂಡಲೇ ಕಾರ್ನಿಯಾ ಸ್ವಲ್ಪ ಊದಿಕೊಂಡು ದಪ್ಪವಾಗಿರುತ್ತದೆ, ಹೊತ್ತು ಏರಿದಂತೆ ತೆಳುವಾಗುತ್ತದೆ. ಹೀಗಿರುವಾಗ ಆಯ್ಕೆಯ ಆಸ್ಪತ್ರೆಯ ಯಂತ್ರ 449 ತೋರಿಸಿದರೆ ಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿದ್ದರೂ ಅರ್ಜಿ ಅಲ್ಲಿಗೆ ಮುಗಿಯಿತು. ಮುಂದೆ ನಂಬರು ತುಸು ಮರಳಿ ಬಂದು ಎರಡನೆಯ ಸಲ ಲೇಸರ್ ಮಾಡಬೇಕಾದರೆ ತೆಗೆಯಲು ಈ ನಿಯಮದ ಒಳಗೆ ಏನೂ ಉಳಿದಿರುವುದಿಲ್ಲ.

ಈ ಲೆಕ್ಕವನ್ನು ಮುಂದಿಟ್ಟಾಗ ವೈದ್ಯರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ನನ್ನ ಕಾಗದದ ಮೇಲೆಯೇ ಬರೆಯುತ್ತ ಬಹಳ ಹೊತ್ತು ವಿವರಿಸಿದರು. ಇಡೀ ಭೇಟಿಯ ಬೆಲೆ ಇರುವುದು ಈ ಭಾಗದಲ್ಲಿ. ವೃತ್ತವನ್ನು 6 ಮಿಲಿಮೀಟರಿಗೆ ಇಳಿಸಿದರೆ ತೆಗೆಯುವುದು 51 ಮೈಕ್ರಾನ್ ಮಾತ್ರ, 467 ಉಳಿಯುತ್ತದೆ, ಅಂತರ ಹದಿನೇಳಕ್ಕೆ ಏರುತ್ತದೆ. ಆದರೆ ಕತ್ತಲಲ್ಲಿ ನನ್ನ ಪಾಪೆ 6.8 ಮಿಲಿಮೀಟರಿಗೆ ಹಿಗ್ಗುವುದರಿಂದ ಚಿಕಿತ್ಸೆಯಾಗದ ಅಂಚಿನ ಮೂಲಕವೂ ಬೆಳಕು ಒಳಬಂದು ದೀಪಗಳ ಸುತ್ತ ಪ್ರಭಾವಳಿ ಕಾಣುವ ಸಾಧ್ಯತೆ ಹೆಚ್ಚುತ್ತದೆ. ಹಡಗು ನಡೆಸುವ ಕಟ್ಟೆಯಾದ ಬ್ರಿಜ್ ಮೇಲೆ ರಾತ್ರಿ ಪಾಳಿ ಮಾಡಬೇಕಾದವರು, ಕಾರವಾರದ ಬೈತಖೋಲ ಬಂದರಿನ ದೋಣಿಗಳ ಕೆಂಪು ಹಸಿರು ದೀಪಗಳನ್ನು ದೂರದಿಂದಲೇ ಗುರುತಿಸಬೇಕಾದವರು, ಕಾಗದದ ಮೇಲಿನ ಹದಿನೇಳು ಮೈಕ್ರಾನ್‌ಗಾಗಿ ಇಂಥ ತೊಂದರೆಯನ್ನು ತಂದುಕೊಳ್ಳಬಾರದೆಂದು ಅವರ ಅಭಿಪ್ರಾಯ. ಪೊರೆ ಎತ್ತದೆ ಕಾರ್ನಿಯಾದ ಮೇಲ್ಚರ್ಮವನ್ನಷ್ಟೇ ಸರಿಸಿ ಮಾಡುವ ಪಿಆರ್‌ಕೆ ವಿಧಾನದಲ್ಲಿ ಏಟು ಬಿದ್ದರೂ ಪೊರೆ ಸರಿಯುವ ಭಯವಿಲ್ಲ. ಆದ್ದರಿಂದ ಮೈಕೈ ತಾಗುವ ನೌಕರಿಗಳಿಗೆ ಅದು ಒಳ್ಳೆಯದು. ಆದರೆ ಮೇಲ್ಚರ್ಮ ಮತ್ತೆ ಬೆಳೆಯುವ ಮೂರು ನಾಲ್ಕು ದಿನ ನೋವಿರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳು ಬೇಕು, ಮತ್ತು ಒಟ್ಟು ದಪ್ಪದ ಲೆಕ್ಕ ಲ್ಯಾಸಿಕ್‌ನದ್ದೇ ಆಗಿರುತ್ತದೆ. ಸಣ್ಣ ಗಾಯದ ಮೂಲಕ ಒಳಗಿನ ತೆಳು ಬಿಲ್ಲೆಯನ್ನು ಎಳೆದು ತೆಗೆಯುವ ಸ್ಮೈಲ್ ವಿಧಾನ ಎಲ್ಲಕ್ಕಿಂತ ದುಬಾರಿ. ಬಿಲ್ಲೆ ಹರಿಯದಂತೆ ಅದಕ್ಕೊಂದು ಕನಿಷ್ಠ ದಪ್ಪ ಇಡಬೇಕಾಗುವುದರಿಂದ ಅದು ತೆಗೆಯುವ ಪದರ ಇನ್ನೂ ಸ್ವಲ್ಪ ಹೆಚ್ಚೇ. 458ರ ಅಂಚಿನಲ್ಲಿರುವ ನನಗೆ ಎಲ್ಲಕ್ಕಿಂತ ಹೆಚ್ಚು ಹಣ ಕೊಟ್ಟು ಎಲ್ಲಕ್ಕಿಂತ ಕೆಟ್ಟ ಆಯ್ಕೆ ಮಾಡಿಕೊಂಡಂತಾಗುತ್ತಿತ್ತು.

ದುರದೃಷ್ಟವೆಂದರೆ, ವೈದ್ಯರ ಕೊಠಡಿಗೆ ಹೋಗುವ ಮುನ್ನ ಭೇಟಿಯಾದ ಸಮಾಲೋಚಕಿ ನನಗೆ ಸೂಚಿಸಿದ್ದು ಅದೇ ಸ್ಮೈಲ್ ಪ್ಯಾಕೇಜನ್ನು. ಯಾವ ನೌಕರಿ ಎಂದು ಅವರು ಕೇಳಲೇ ಇಲ್ಲ. ನಾನೇ ಹೇಳಿದಾಗ, "ಮೇಡಂ, ಡಿಫೆನ್ಸಿನವರು ತುಂಬಾ ಜನ ನಮ್ಮಲ್ಲೇ ಮಾಡಿಸಿಕೊಂಡು ಹೋಗಿದ್ದಾರೆ, ಏನೂ ತೊಂದರೆ ಆಗೋದಿಲ್ಲ," ಎಂಬ ಉತ್ತರ ಬಂತು. ಅದೇ ದಿನ ಮುಂಗಡ ಕಟ್ಟಿದರೆ ರಿಯಾಯಿತಿ, ಕಂತಿನ ಸೌಲಭ್ಯ, ಎರಡೂ ಕಣ್ಣಿಗೆ ಸೇರಿಸಿ ಒಂದು ದರ ಎಂಬುದೆಲ್ಲ ನಿರರ್ಗಳವಾಗಿ ಬಂತು. ಮೊದಲ ಕೆಲವು ತಿಂಗಳು ಕಣ್ಣು ಒಣಗುವುದು ಬಹು ಸಾಮಾನ್ಯ ಎಂಬ ವಿಷಯವನ್ನು ನಾನು ಕೆದಕಿ ಕೇಳಬೇಕಾಯಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬ ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಓದುತ್ತಿದ್ದ. ಆ ಹುದ್ದೆಯ ಅಧಿಸೂಚನೆಯಲ್ಲಿ ಲ್ಯಾಸಿಕ್ ಮಾಡಿಸಿಕೊಂಡವರು ಅರ್ಹರಲ್ಲವೆಂದು ನೇರವಾಗಿಯೇ ಬರೆದಿರುತ್ತದೆ. ಅವನಿಗೂ ಮುಂಗಡದ ರಸೀದಿ ಬರೆಯಲು ಸಿದ್ಧರಾಗಿದ್ದರು. ಅವನ ತಂದೆಗೆ ನಾನೇ ವಿಷಯ ತಿಳಿಸಿದೆ. ಅವರು ಎದ್ದು ಹೋದ ಮೇಲೆ ಸಮಾಲೋಚಕಿಯ ನಗು ಸ್ವಲ್ಪ ಕಡಿಮೆಯಾಯಿತು. ಬಣ್ಣಗುರುಡಿನ ಸಮಸ್ಯೆ ಇರುವವರೂ ಲೇಸರ್‌ನಿಂದ ಅದು ಸರಿಹೋಗಬಹುದೆಂದು ಇಂಥ ಕಡೆ ಬಂದು ಕೂರುತ್ತಾರೆ. ಬಣ್ಣ ಗುರುತಿಸುವುದು ರೆಟಿನಾದ ಕೆಲಸ, ಕಾರ್ನಿಯಾವನ್ನು ಕೆತ್ತುವ ಲೇಸರ್‌ಗೂ ಅದಕ್ಕೂ ಸಂಬಂಧವಿಲ್ಲ.

ಕರಾವಳಿಯಿಂದ ಹೋಗುವವರು ಖರ್ಚಿನ ಜೊತೆ ಲೆಕ್ಕ ಹಾಕಬೇಕಾದ ಇನ್ನೂ ಕೆಲವು ವಿಷಯಗಳಿವೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕಾಗುತ್ತದೆ, ಬಿಸಿಲು ಚುಚ್ಚುತ್ತದೆ. ಜೊತೆಗೊಬ್ಬರು ಬೇಕು, ಬೈಕಿನಲ್ಲಿ ಹೋಗುವ ಮಾತು ಬೇಡ. ಶಸ್ತ್ರಚಿಕಿತ್ಸೆ ಆದರೆ ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ಮತ್ತೆ ತೋರಿಸಬೇಕಾಗುವುದರಿಂದ ಮಳೆಗಾಲದಲ್ಲಿ ಘಟ್ಟ ಕುಸಿದು ರಸ್ತೆ ಮುಚ್ಚುವ ತಿಂಗಳುಗಳನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳುವುದು ಜಾಣತನ. ಸಮುದ್ರ ಸ್ನಾನ ಮತ್ತು ಈಜನ್ನು ಕೆಲವು ವಾರ ಬಿಡಬೇಕು. ಮೀನುಗಾರಿಕೆಯ ಮನೆಯವರಿಗೆ ಇದು ಹೇಳಿದಷ್ಟು ಸುಲಭವಲ್ಲ.

ತಪಾಸಣೆ ಮತ್ತು ವೈದ್ಯರ ವಿವರಣೆಗೆ ಐದರಲ್ಲಿ ನಾಲ್ಕೂವರೆ, ಸಮಾಲೋಚನೆಗೆ ಎರಡು ಅಂಕ. ಕನ್ನಡಕವನ್ನು ಕೇವಲ ಕಿರಿಕಿರಿಗಾಗಿ ಬಿಡಬಯಸುವ, ನನ್ನಷ್ಟೇ ದಪ್ಪದ ಕಾರ್ನಿಯಾ ಇರುವ ಶಿರಸಿಯ ಗೆಳತಿಯೊಬ್ಬಳಿಗೆ ನಾನು ಇದೇ ಆಸ್ಪತ್ರೆಯನ್ನು ಸೂಚಿಸಿದ್ದೇನೆ, ಏಕೆಂದರೆ 450ರ ಗೆರೆ ಅವಳಿಗೆ ಅನ್ವಯಿಸುವುದಿಲ್ಲ. ನನ್ನ ಮಟ್ಟಿಗೆ ಎಂಟು ಮೈಕ್ರಾನ್ ಅಂತರವನ್ನು ನಂಬಿ ಆರೋಗ್ಯವಂತ ಕಣ್ಣನ್ನು ಕೊಯ್ಯಿಸುವುದು, ಆ ಮೇಲೆ ಹನ್ನೆರಡು ತಿಂಗಳು ಕಾಯುತ್ತ ವಯೋಮಿತಿಯ ಕಡೆಗೆ ಓಡುವುದು ಸರಿಯೆನಿಸಲಿಲ್ಲ. ಕನ್ನಡಕಕ್ಕೆ ಅಡ್ಡಿಯಿಲ್ಲದ ನಾಗರಿಕ ಎಂಜಿನಿಯರ್ ಹುದ್ದೆಗಳಿಗೆ ಅರ್ಜಿ ಹಾಕಿದ್ದೇನೆ.

ಹೋಗುವವರು ತಮ್ಮ ಹುದ್ದೆಯ ಇತ್ತೀಚಿನ ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಮುದ್ರಿಸಿಕೊಂಡು ಹೋಗಲಿ, ಮತ್ತು ಹೊರಡುವ ಮುನ್ನ ಕಾರ್ನಿಯಾದ ಬಣ್ಣದ ನಕ್ಷೆ, ದಪ್ಪ ಮತ್ತು ಕಣ್ಣುಗುಡ್ಡೆಯ ಉದ್ದದ ವರದಿಗಳನ್ನು ಕೇಳಿ ಪಡೆಯಲಿ. ಶಸ್ತ್ರಚಿಕಿತ್ಸೆ ಮಾಡಿಸುವುದಿಲ್ಲ ಎಂದ ಮೇಲೆ ನನಗೆ ಅವನ್ನು ಕೊಡಲು ಮೊದಲು ಹಿಂದೆಮುಂದೆ ನೋಡಿದರು. ತಪಾಸಣೆಯ ಶುಲ್ಕ ಕಟ್ಟಿದ ರಸೀದಿಯನ್ನು ತೋರಿಸಿ ಗಟ್ಟಿಯಾಗಿ ಕೇಳಿದ ನಂತರ ಕೌಂಟರಿನಲ್ಲಿದ್ದವರು ಎಲ್ಲವನ್ನೂ ಮುದ್ರಿಸಿ, ಮೊಹರು ಹಾಕಿ ಕೊಟ್ಟರು.